ಪೂರ್ವಾನುಮತಿ ಇಲ್ಲದೆ ಬಿದ್ದ ವಿಮಾನ

ಲಿಂಕನ್‌ಶೈರಿನ ಹಾರ್ಕ್‌ಬಿ ಗ್ರಾಮದ ಉದ್ದಹೊಲದಲ್ಲಿ 1944ನೇ ಇಸವಿ ಫೆಬ್ರವರಿ ಒಂಬತ್ತರಂದು ಮಧ್ಯಾಹ್ನ ಬಿದ್ದ ಲ್ಯಾಂಕಾಸ್ಟರ್ ಬಾಂಬರ್ ವಿಮಾನವು ಸಂಬಂಧಪಟ್ಟ ಪ್ರಾಧಿಕಾರದ ಪೂರ್ವಾನುಮತಿ ಪಡೆಯದೆ ಬಿದ್ದಿತ್ತು ಎಂಬ ಸಂಗತಿ ಎಂಬತ್ತು ವರ್ಷಗಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ವಿಮಾನದಲ್ಲಿದ್ದ ಏಳೂ ಜನ ಅಂದೇ ತೀರಿಕೊಂಡಿದ್ದರಿಂದ ಈ ಲೋಪವನ್ನು ಅವರ ಗಮನಕ್ಕೆ ತರುವುದೂ ಸಾಧ್ಯವಾಗಿರಲಿಲ್ಲ. ಕೊನೆಗೆ ಅದನ್ನು ಪತ್ತೆಹಚ್ಚಿದ ಕೀರ್ತಿ ಜಿಲ್ಲಾ ಯೋಜನಾ ಇಲಾಖೆಗೂ, ಅದಕ್ಕೆ ದಾರಿ ಮಾಡಿಕೊಟ್ಟ ಅಪಕೀರ್ತಿ ಗ್ರಾಮ ಪರಿಷತ್ತಿನ ಗುಮಾಸ್ತ ಹೆಡ್ಲಿ ಮಂಬಿಗೂ ಸಲ್ಲಬೇಕು.

ಹೆಡ್ಲಿ ಕೆಟ್ಟ ಮನುಷ್ಯನಲ್ಲ. ಮೂವತ್ತೆರಡು ವರ್ಷ ರೈಲ್ವೆಯಲ್ಲಿ ಸಿಗ್ನಲ್ ಹಾಕಿ ನಿವೃತ್ತನಾದವನು. ಕೆಂಪು ಎಂದರೆ ನಿಲ್ಲು, ಹಸಿರು ಎಂದರೆ ಹೋಗು, ಈ ಎರಡೂ ಅಲ್ಲದಿದ್ದರೆ ಮೇಲಿನವರನ್ನು ಕೇಳು ಎಂಬುದು ಅವನ ಜೀವನದ ಒಟ್ಟು ತಿಳಿವಳಿಕೆ. ಗುಮಾಸ್ತನಾಗಿ ಹನ್ನೊಂದು ವರ್ಷದಲ್ಲಿ ಅವನು ತುಂಬಿ ಕಳಿಸಿದ ಒಂದು ಅರ್ಜಿಯೂ ‘ಅಪೂರ್ಣ’ ಎಂದು ವಾಪಸು ಬಂದಿರಲಿಲ್ಲ. ಮೊದಲು ಪೆನ್ಸಿಲಿನಲ್ಲಿ ತುಂಬಿ, ಒಂದು ದಿನ ಬಿಟ್ಟು, ಮೇಲೆ ಪೆನ್ನಿನಲ್ಲಿ ತಿದ್ದುತ್ತಿದ್ದ. ಊರಿನವರು ಅವನನ್ನು ಗೌರವಿಸುತ್ತಿದ್ದರು, ಸಾಧ್ಯವಾದಷ್ಟು ದೂರದಿಂದ.

ಒಂದು ಶನಿವಾರ ಬೆಳಗ್ಗೆ ಗ್ರಾಮ ಪರಿಷತ್ತಿನ ಸಭೆಗೆ ಬೆರಿಲ್ ಹೋಲ್ಬೆಕ್ ಬಂದಳು. ವಯಸ್ಸು ತೊಂಬತ್ತೆರಡು. ಉದ್ದಹೊಲ ಅವಳದು, ಅದಕ್ಕೆ ಮೊದಲು ಅವಳ ಅಪ್ಪನದು. ಮಂಡಿಯವರೆಗಿನ ರಬ್ಬರ್ ಬೂಟು, ಕೆಸರು, ಕೋಲು ಸಮೇತ ನೇರ ಒಳಗೆ ಬಂದು ಯಾರೂ ಕೂರಲು ಹೇಳುವ ಮೊದಲೇ ಕೂತಳು.

“ನನಗೆ ತೊಂಬತ್ತೆರಡು. ಮಾತು ಉದ್ದ ಮಾಡೋಕೆ ಟೈಮಿಲ್ಲ,” ಅಂದಳು. “ನಮ್ಮ ಹೊಲದಲ್ಲಿ ಬಿದ್ದ ಆ ಏಳು ಹುಡುಗರ ಹೆಸರು ಗೇಟಿನ ಪಕ್ಕ ಒಂದು ಕಲ್ಲಿನ ಮೇಲೆ ಬರಬೇಕು. ಕಲ್ಲು ನನ್ನ ಹತ್ರ ಇದೆ. ಕೆತ್ತೋನು ಸಿಕ್ಕಿದಾನೆ. ಹೊಲ ನಂದೇ. ನಿಮ್ಮಿಂದ ಏನೂ ಬೇಡ. ಹೇಳದೇ ಮಾಡಿದ್ರೆ ಮುಖ ಊದಿಸ್ಕೊಂಡು ಕೂರ್ತೀರ ಅಂತ ಹೇಳೋಕೆ ಬಂದೆ.”

ಬಸ್ ನಿಲ್ದಾಣದ ಬೆಂಚಿಗೆ ಯಾವ ಬಣ್ಣ ಎಂದು ಆರು ವರ್ಷದಿಂದ ಚರ್ಚಿಸುತ್ತಿದ್ದ ಪರಿಷತ್ತು ಇದನ್ನು ನಾಲ್ಕು ನಿಮಿಷದಲ್ಲಿ ಸರ್ವಾನುಮತದಿಂದ ಒಪ್ಪಿತು. ಅಧ್ಯಕ್ಷೆ ಮಿಸೆಸ್ ಸ್ಟೇನ್ ಕಣ್ಣೊರೆಸಿಕೊಂಡಳು. ಬೆರಿಲ್ ಎದ್ದು ಹೊರಟೇಬಿಟ್ಟಿದ್ದಳು. ಆಗ ಹೆಡ್ಲಿ ಒಂದು ಮಾತು ಹೇಳಿದ.

“ಒಂದು ಅರ್ಜಿ ಹಾಕ್ಬಿಡ್ತೀನಿ ಬೆರಿಲ್. ಎಲ್ಲ ಕ್ರಮವಾಗಿರಲಿ.”

“ಯಾತಕ್ಕೋ?”

“ಒಂದೇ ಹಾಳೆ. ಹದಿನೈದು ದಿನದ ಕೆಲಸ.”

ಬೆರಿಲ್ ಅವನನ್ನು ಒಂದು ಗಳಿಗೆ ನೋಡಿದಳು. ಹೆಡ್ಲಿ ಎಳೆಕೂಸಾಗಿದ್ದಾಗಿನಿಂದ ಅವನನ್ನು ಕಂಡವಳು ಅವಳು. “ಹಾಕು,” ಅಂದಳು. “ನಿನಗೆ ಖುಷಿಯಾಗೋದಾದ್ರೆ ಹಾಕು.”

ಹದಿನೈದನೆಯ ದಿನ ಸರಿಯಾಗಿ ಉತ್ತರ ಬಂತು. ಜಿಲ್ಲಾ ಯೋಜನಾ ಇಲಾಖೆ ತಡಮಾಡಿತೆಂದು ಯಾರೂ ದೂರುವಂತಿಲ್ಲ.

‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಶಿಲೆಯು ಸದರಿ ಹೊಲದಲ್ಲಿ ನಡೆದ ವಿಮಾನಪತನವೊಂದನ್ನು ಸ್ಮರಿಸುವ ಉದ್ದೇಶ ಹೊಂದಿರುವುದು ಕಂಡುಬಂದಿರುತ್ತದೆ. ಕಡತಗಳನ್ನು ಪರಾಮರ್ಶಿಸಲಾಗಿ, ಸದರಿ ಹೊಲವು ಕೃಷಿಭೂಮಿಯಾಗಿದ್ದು, ಅದರಲ್ಲಿ ವಿಮಾನ ಇಳಿಸಲು, ಬೀಳಿಸಲು ಅಥವಾ ಅದರ ಬಿಡಿಭಾಗಗಳನ್ನು ಹರಡಲು ಅನುಮತಿ ನೀಡಿದ ಯಾವುದೇ ದಾಖಲೆ ಲಭ್ಯವಿರುವುದಿಲ್ಲ. ಅನಧಿಕೃತ ಚಟುವಟಿಕೆಯ ಸ್ಮರಣೆಗೆ ಅನುಮತಿ ನೀಡಿದಲ್ಲಿ ಅಂಥ ಚಟುವಟಿಕೆಗೆ ಉತ್ತೇಜನ ನೀಡಿದಂತಾಗುವುದರಿಂದ, ಮೊದಲು ಸದರಿ ಪತನವನ್ನು ಸಕ್ರಮಗೊಳಿಸಿಕೊಂಡು ತದನಂತರ ಶಿಲೆಯ ಬಗ್ಗೆ ಮರು ಅರ್ಜಿ ಸಲ್ಲಿಸತಕ್ಕದ್ದು.’

ಕೆಳಗೆ ಸಹಿ: ಜೂಲಿಯನ್ ಟ್ವೆಲ್ಸ್, ಯೋಜನಾಧಿಕಾರಿ.

ಹೆಡ್ಲಿ ಪತ್ರವನ್ನು ಮೂರು ಸಲ ಓದಿದ. ತಪ್ಪು ಸಿಗಲಿಲ್ಲ. ಅವನಿಗೆ ದಿಗಿಲಾದದ್ದು ಅದಕ್ಕೇ. ಮರುದಿನ ಬಸ್ಸು ಹತ್ತಿ ಜಿಲ್ಲಾ ಕಚೇರಿಗೆ ಹೋದ.

ಟ್ವೆಲ್ಸ್ ಮೂವತ್ತೈದರ ಆಸುಪಾಸಿನ ಮನುಷ್ಯ. ಮೃದು ಮಾತು. ಮೇಜಿನ ಮೇಲೆ ಚೀಸ್ ಸ್ಯಾಂಡ್‌ವಿಚ್ಚನ್ನು ಎರಡು ಸಮಭಾಗ ಮಾಡಿ ಇಟ್ಟುಕೊಂಡಿದ್ದ. ಒಂದನ್ನು ಹೆಡ್ಲಿಯ ಕಡೆ ಸರಿಸಿದ.

“ಯುದ್ಧ ನಡೀತಿತ್ತು ಸ್ವಾಮಿ,” ಅಂದ ಹೆಡ್ಲಿ.

“ಯುದ್ಧಕ್ಕೆ ವಿನಾಯಿತಿ ಇದೆ, ಮಿಸ್ಟರ್ ಮಂಬಿ. ನಿಯಮ ಹನ್ನೊಂದು. ಆದ್ರೆ ಅದು ಶತ್ರುಗಳು ಹೊಡೆದು ಬೀಳಿಸಿದ ವಿಮಾನಕ್ಕೆ ಮಾತ್ರ. ಇದು ಬರೀ ಪರೀಕ್ಷೆಗೆ ಅಂತ ಹಾರಿದ್ದು. ತಾನಾಗೇ ಬಿತ್ತು.”

“ತಾನಾಗೇ ಎಲ್ಲಿ ಬಿತ್ತು? ಎಂಜಿನ್ನುಗಳು ಕೆಟ್ವು. ನೇರ ಬಂದಿದ್ರೆ ಊರಿನ ಮೇಲೇ ಬೀಳ್ತಿತ್ತು. ಪೈಲಟ್ಟು ಹೊಲದ ಕಡೆ ತಿರುಗಿಸಿದ.”

ಟ್ವೆಲ್ಸನ ಪೆನ್ನು ಎದ್ದಿತು. “ತಿರುಗಿಸಿದ?”

“ಹೌದು.”

“ಬೇಕು ಅಂತಲೇ?”

“ಬೇಕು ಅಂತಲೇ.”

“ಅಂದ್ರೆ ಸ್ಥಳದ ಆಯ್ಕೆ ಅವರದೇ. ಒಳ್ಳೇದಾಯ್ತು ನೀವು ಹೇಳಿದ್ದು. ನಾನು ಇದನ್ನ ಆಕಸ್ಮಿಕ ಅಂದ್ಕೊಂಡಿದ್ದೆ. ಆಕಸ್ಮಿಕಕ್ಕೆ ಅರ್ಜಿದಾರ ಯಾರು ಅನ್ನೋದೇ ದೊಡ್ಡ ತೊಡಕು. ಈಗ ಸಲೀಸಾಯ್ತು. ಪೈಲಟ್ಟೇ ಅರ್ಜಿದಾರ. ಜೊತೆಗಿದ್ದವರು ಸಹ-ಅರ್ಜಿದಾರರು. ಅವರ ಸಹಿ ಹಾಕಿಸ್ಕೊಂಡು ಬನ್ನಿ.”

“ಅವರು ಸತ್ತಿದ್ದಾರೆ.”

“ಛೇ! ತುಂಬಾ ಬೇಜಾರಿನ ವಿಷಯ. ಯಾವಾಗ?”

“ಆವಾಗಲೇ.”

ಟ್ವೆಲ್ಸ್ ನಿಜವಾಗಿಯೂ ನೊಂದುಕೊಂಡ. ಸ್ಯಾಂಡ್‌ವಿಚ್ಚನ್ನು ಕೆಳಗಿಟ್ಟ. ಆಮೇಲೆ ಒಂದು ದಪ್ಪ ಪುಸ್ತಕ ತೆಗೆದು ಪುಟ ತಿರುವಿ ಸಮಾಧಾನದ ಉಸಿರುಬಿಟ್ಟ. “ತೊಂದರೆ ಇಲ್ಲ. ಖುದ್ದಾಗಿ ಹಾಜರಾಗೋಕೆ ಆಗದ ಅರ್ಜಿದಾರರು ಏಜೆಂಟರ ಮೂಲಕ ಅರ್ಜಿ ಹಾಕಬಹುದು. ಕಾರಣ ಕೊಡಬೇಕಂತಲೂ ಇಲ್ಲ.”

ಹೀಗೆ ಹೆಡ್ಲಿ ಮಂಬಿ ಆ ಮಧ್ಯಾಹ್ನದಿಂದ ಏಳು ಜನ ಮೃತ ವೈಮಾನಿಕರ ಅಧಿಕೃತ ಏಜೆಂಟನಾದ. ಬಸ್ಸಿನಲ್ಲಿ ವಾಪಸು ಬರುವಾಗ ತೊಡೆಯ ಮೇಲೆ ನಲವತ್ತಾರು ಪುಟದ ಅರ್ಜಿ ಇತ್ತು. ಬೆರಿಲ್ ಬೈಯುತ್ತಾಳೆಂದು ಹೆದರಿ ಅವನು ಎರಡು ನಿಲ್ದಾಣ ಮೊದಲೇ ಇಳಿದು ನಡೆದ.

ಬೆರಿಲ್ ಬೈದಳು. ಹತ್ತು ನಿಮಿಷ ಬೈದು, ಕೆಟಲ್ ಇಟ್ಟು, ಒಣದ್ರಾಕ್ಷಿ ಬ್ರೆಡ್ಡಿನ ಮೇಲೆ ಚೀಸ್ ಹೆರೆದು ಅವನ ಮುಂದೆ ತಳ್ಳಿದಳು. “ಓದು. ಏನು ಬೇಕಂತೆ ಅವರಿಗೆ?”

ಹೆಡ್ಲಿ ಪೆನ್ಸಿಲ್ ತೆಗೆದ. “ಪ್ರಶ್ನೆ ಒಂಬತ್ತು. ಯೋಜನೆಯಲ್ಲಿ ಉದ್ಯೋಗದಲ್ಲಿರುವವರ ಸಂಖ್ಯೆ.”

“ಏಳು.”

“ಪೂರ್ಣಾವಧಿಯೋ ಅರೆಕಾಲಿಕವೋ?”

“ಪೂರ್ಣಾವಧಿ.”

“ಪ್ರಶ್ನೆ ಹದಿಮೂರು. ಆವರಣಕ್ಕೆ ಬಂದು ಹೋಗುವ ವಾಹನಗಳು.”

“ಬಂದದ್ದು ಒಂದು. ಹೋದದ್ದು ಇಲ್ಲ.”

ಹೆಡ್ಲಿ ಹಾಗೇ ಬರೆದ. “ಹದಿನಾಲ್ಕು. ಅರ್ಜಿದಾರರಿಗೂ ಸ್ಥಳೀಯರಿಗೂ ಮೊದಲೇ ಏನಾದರೂ ಸಂಪರ್ಕವಿತ್ತೇ? ಇದ್ದಲ್ಲಿ ವಿವರಿಸಿ.”

ಬೆರಿಲ್ ಕಪ್ಪು ಕೆಳಗಿಟ್ಟಳು. “ಇದ್ದಲ್ಲಿ ವಿವರಿಸಿ ಅಂತ ಇದೆಯಾ?”

“ಇದೆ. ಹತ್ತು ಗೆರೆ ಬಿಟ್ಟಿದ್ದಾರೆ.”

“ಬರ್ಕೋ ಹಾಗಾದ್ರೆ. ಅವರ ವಿಮಾನನೆಲೆ ಇಲ್ಲೇ ಹತ್ರ ಇತ್ತು. ಫೀನಿ ಅಂತ ಒಬ್ಬ ಇದ್ದ, ಲಿವರ್‌ಪೂಲಿನೋನು, ವಿಮಾನದ ಹಿಂಭಾಗದಲ್ಲಿ ಕೂರ್ತಿದ್ದ. ಹತ್ತೊಂಬತ್ತು ವರ್ಷ. ಮೊಟ್ಟೆಗೋಸ್ಕರ ನಮ್ಮ ಮನೆ ಹಿಂಬಾಗಿಲಿಗೆ ಬರೋನು. ಅಮ್ಮನ್ನ ನಗಿಸಿ ನಗಿಸಿ ಎರಡರ ಬದಲು ನಾಲ್ಕು ಇಸ್ಕೊಂಡು ಹೋಗೋನು. ಗ್ರೇಲಿಂಗ್ ಕೆನಡಾದೋನು. ಮಾತೇ ಆಡ್ತಿರಲಿಲ್ಲ. ನನ್ನ ಸೈಕಲ್ ಚೈನು ಕಳಚಿದಾಗ ರಸ್ತೇಲಿ ಕೂತು ಹಾಕಿಕೊಟ್ಟ. ಕೈಯೆಲ್ಲ ಗ್ರೀಸು. ನಾನು ಕರವಸ್ತ್ರ ಕೊಟ್ರೆ, ಗಲೀಜಾಗತ್ತೆ ಬೇಡ ಅಂತ ಹುಲ್ಲಿಗೆ ಒರೆಸ್ಕೊಂಡ. ಗೆರೆ ಮುಗೀತಾ?”

“ಹಾಳೆಯ ಹಿಂದೆ ಬರೀತಿದೀನಿ. ಹೇಳು.”

ಅವಳು ಹೇಳಿದಳು. ಮಧ್ಯಾಹ್ನ ಸಂಜೆಯಾಯಿತು. ಆ ಅರ್ಜಿ ಕೇಳಿದಂಥ ಪ್ರಶ್ನೆಗಳನ್ನು ಎಂಬತ್ತು ವರ್ಷದಲ್ಲಿ ಬೆರಿಲ್‌ಳನ್ನು ಯಾರೂ ಕೇಳಿರಲಿಲ್ಲ. ತ್ಯಾಜ್ಯ ವಿಲೇವಾರಿ ಹೇಗೆ ಎಂದು ಕೇಳಿತ್ತು. ಅಪ್ಪ ಪ್ರತಿ ಸಲ ಉಳುವಾಗ ಮೇಲೆ ಬಂದ ಲೋಹದ ಚೂರುಗಳನ್ನು ಆರಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದುದನ್ನು ಅವಳು ಹೇಳಿದಳು. ತಾತ್ಕಾಲಿಕ ವಸತಿ ಕಲ್ಪಿಸಲಾಗಿತ್ತೇ ಎಂದು ಕೇಳಿತ್ತು; ಅವರ ಕೊಟ್ಟಿಗೆಯಲ್ಲಿ ಏಳು ಜನರನ್ನು ಸಾಲಾಗಿ ಮಲಗಿಸಿ, ಮನೆಯ ಕ್ರಿಸ್ಮಸ್ ಮೇಜುವಸ್ತ್ರಗಳನ್ನೆಲ್ಲ ಅಮ್ಮ ಹೊದಿಸಿದ್ದನ್ನು ಹೇಳಿದಳು.

“ಪ್ರಶ್ನೆ ಮೂವತ್ತೊಂದು,” ಅಂದ ಹೆಡ್ಲಿ. “ಶಬ್ದಮಾಲಿನ್ಯದ ಪ್ರಮಾಣ.”

“ಶಬ್ದ ಇರಲಿಲ್ಲ ಕಣೋ. ಎಂಜಿನ್ನುಗಳೆಲ್ಲ ನಿಂತುಹೋಗಿದ್ವು. ನನ್ನ ತಲೆ ಮೇಲೇ ಹೋಯ್ತು, ಬಟ್ಟೆ ಒಣಹಾಕಿದ ಹಗ್ಗ ಗಾಳಿಗೆ ಸುಯ್ ಅನ್ನತ್ತಲ್ಲ, ಅಷ್ಟೇ.”

ಹೆಡ್ಲಿ ‘ಅತ್ಯಲ್ಪ’ ಎಂದು ಬರೆದ. ಮನೆಗೆ ಹೋಗಿ, ಒಂದು ದಿನ ಬಿಟ್ಟು, ಮೇಲೆ ಪೆನ್ನಿನಲ್ಲಿ ತಿದ್ದಿದ. ಆ ‘ಅತ್ಯಲ್ಪ’ದ ಮೇಲೆ ಮಾತ್ರ ಪೆನ್ನು ಬಹಳ ಹೊತ್ತು ನಿಂತಿತು.

ಅರ್ಜಿ ಸ್ವೀಕೃತವಾಯಿತು. ನಿಯಮದ ಪ್ರಕಾರ ಉದ್ದಹೊಲದ ಗೇಟಿಗೆ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿದ ಹಳದಿ ಪ್ರಕಟಣೆಯೊಂದು ಬಂತು.

‘ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಹಾರ್ಕ್‌ಬಿ ಗ್ರಾಮದ ಉದ್ದಹೊಲವನ್ನು ಕೃಷಿ ಬಳಕೆಯಿಂದ ವಿಮಾನ ಬೀಳುವ ಸ್ಥಳವಾಗಿ (ಒಂದು ಬಾರಿಗೆ ಮಾತ್ರ) 9-2-1944ರಿಂದ ಪೂರ್ವಾನ್ವಯವಾಗುವಂತೆ ಪರಿವರ್ತಿಸಲು ಈ ಕೆಳಕಂಡವರು ಅರ್ಜಿ ಸಲ್ಲಿಸಿರುತ್ತಾರೆ: ಆರ್ಚಿಬಾಲ್ಡ್ ಕೆರ್, ಲೆಸ್ಲಿ ಟ್ರೆಂಬತ್, ವಿಲ್ಫ್ರೆಡ್ ಔಟ್ರಾಮ್, ಕ್ಲಾರೆನ್ಸ್ ಗ್ರೇಲಿಂಗ್, ಐವರ್ ಪ್ರೋಬರ್ಟ್, ನಾರ್ಮನ್ ಹಿಬ್ಬರ್ಡ್, ಡೆಸ್ಮಂಡ್ ಫೀನಿ. ಆಕ್ಷೇಪಣೆ ಅಥವಾ ಅಭಿಪ್ರಾಯಗಳಿದ್ದಲ್ಲಿ ಅರ್ಜಿದಾರರ ಹೆಸರು ನಮೂದಿಸಿ ಇಪ್ಪತ್ತೊಂದು ದಿನಗಳೊಳಗೆ ಲಿಖಿತವಾಗಿ ಕಳಿಸತಕ್ಕದ್ದು.’

ಬೆರಿಲ್ ಕೋಲೂರಿಕೊಂಡು ಬಂದು ಅದನ್ನು ಓದಿದಳು. ಒಂದೊಂದು ಹೆಸರಿನ ಕೆಳಗೂ ಬೆರಳಿಟ್ಟು ಓದಿದಳು. ಹೆಡ್ಲಿ ಪಕ್ಕದಲ್ಲಿ ನಿಂತು ಬೈಗುಳ ಕಾಯುತ್ತಿದ್ದ.

“ಎಲ್ಲರ ಹೆಸರೂ ಸರಿಯಾಗಿ ಬಂದಿದೆ,” ಅಂದಳು ಬೆರಿಲ್. “ವಾಯುಪಡೆಯೋರು ಪತ್ರ ಬರೆದಾಗ ಪ್ರೋಬರ್ಟ್ ಹೆಸರನ್ನ ತಪ್ಪು ಬರೆದಿದ್ರು.” ಮರುದಿನ ಬೆಳಗ್ಗೆ ಪ್ರಕಟಣೆಯ ಕೆಳಗೆ ಒಂದು ಜಾಮ್ ಬಾಟಲಿಯಲ್ಲಿ ಹೂವಿತ್ತು. ಅದರ ಮರುದಿನ ಎರಡು ಬಾಟಲಿ ಇತ್ತು, ಎರಡನೆಯದು ಯಾರದೆಂದು ಗೊತ್ತಾಗಲಿಲ್ಲ.

ಆಕ್ಷೇಪಣೆ ಬಂದದ್ದು ಒಂದೇ. ಅದನ್ನು ಸಲ್ಲಿಸಿದವನು ಗೈಲ್ಸ್ ಪೆಂಬರ್ಟನ್. ಲಂಡನ್ನಿನಿಂದ ಬಂದು, ಬೆರಿಲ್‌ಳ ಪಕ್ಕದ ಜಮೀನಿನಲ್ಲಿದ್ದ ಹಳೆಯ ದನದ ಕೊಟ್ಟಿಗೆಗಳನ್ನು ಕೊಂಡು, ದನಗಳನ್ನು ಕಳಿಸಿ, ಅವುಗಳ ಜಾಗಕ್ಕೆ ಪ್ರವಾಸಿಗರನ್ನು ಕಟ್ಟಿದವನು. ಕೊಟ್ಟಿಗೆಗಳಿಗೆ ‘ಪ್ರಶಾಂತಿ’ ಎಂದು ಹೆಸರಿಟ್ಟಿದ್ದ. ಅತಿಥಿಗಳಿಗೆ ಪರಿಪೂರ್ಣ ನಿಶ್ಶಬ್ದದ ಭರವಸೆ ಕೊಟ್ಟಿದ್ದೇನೆ, ಬಾಂಬರ್ ವಿಮಾನ ಬೀಳುವುದು ಅದಕ್ಕೆ ಹೊಂದುವುದಿಲ್ಲ ಎಂಬುದು ಅವನ ತಕರಾರು.

ಗ್ರಾಮಭವನದಲ್ಲಿ ವಿಚಾರಣೆ ನಡೆಯಿತು. ಟ್ವೆಲ್ಸ್ ಸ್ವತಃ ಬಂದ.

“ಎಂಬತ್ತು ವರ್ಷದ ಹಿಂದೆ ಬಿದ್ದದ್ದರಿಂದ ನಿಮಗೆ ಈಗೇನು ತೊಂದರೆ, ಮಿಸ್ಟರ್ ಪೆಂಬರ್ಟನ್?” ಎಂದು ಮಿಸೆಸ್ ಸ್ಟೇನ್ ಕೇಳಿದಳು.

“ಇದು ತತ್ವದ ಪ್ರಶ್ನೆ, ಮೇಡಂ. ಇವತ್ತು ಒಂದಕ್ಕೆ ಅನುಮತಿ ಕೊಟ್ರೆ ನಾಳೆ ಇನ್ನೊಂದು ಬೀಳತ್ತೆ. ಅದಕ್ಕೂ ಇದನ್ನೇ ತೋರಿಸ್ತಾರೆ.”

ಟ್ವೆಲ್ಸ್ ತಲೆಯಾಡಿಸಿ ಬರೆದುಕೊಂಡ. “ಸರಿಯಾದ ಆತಂಕವೇ.”

ಬೆರಿಲ್ ಕೋಲಿನಿಂದ ನೆಲ ಕುಟ್ಟಿದಳು. “ಅಯ್ಯಾ ಪೆಂಬರ್ಟನ್ನಾ, ಆ ವಿಮಾನ ಬರ್ತಿದ್ದ ದಾರೀಲಿ ಮೊದಲು ಸಿಗ್ತಿದ್ದದ್ದೇ ನಿನ್ನ ಕೊಟ್ಟಿಗೆ. ಆ ಹುಡುಗ ತಿರುಗಿಸದೇ ಇದ್ದಿದ್ರೆ ನಿನಗೆ ಬಾಡಿಗೆಗೆ ಕೊಡೋಕೆ ಒಂದು ಇಟ್ಟಿಗೇನೂ ಉಳೀತಿರಲಿಲ್ಲ.”

ಪೆಂಬರ್ಟನ್ ಟ್ವೆಲ್ಸನ ಕಡೆ ತಿರುಗಿ, “ಇದು ಅಭಿಪ್ರಾಯವೋ ಪುರಾವೆಯೋ ಅನ್ನೋದು ದಾಖಲಾಗಬೇಕು,” ಅಂದ.

ಶಬ್ದತಜ್ಞನ ವರದಿ ಬರುವ ತನಕ ವಿಚಾರಣೆ ಮುಂದಕ್ಕೆ ಹೋಯಿತು. ಮುಂದೂಡಿದಾಗಲೆಲ್ಲ ಇಪ್ಪತ್ತೊಂದು ದಿನಗಳ ಹೊಸ ಪ್ರಕಟಣೆ ಅಂಟಿಸಬೇಕು, ಅಂಟಿಸುವಾಗ ಏಜೆಂಟನು ಹೆಸರುಗಳನ್ನು ಗಟ್ಟಿಯಾಗಿ ಓದಿ ತಾಳೆ ನೋಡಬೇಕು ಎಂದು ನಿಯಮವಿತ್ತು. ಹೆಡ್ಲಿ ಗೇಟಿನ ಮುಂದೆ ನಿಂತು ಓದಿದ. ಮೊದಲ ಸಲ ಕೇಳಲು ಬೆರಿಲ್ ಒಬ್ಬಳೇ ಇದ್ದಳು. ಎರಡನೆಯ ಸಲ ನಾಯಿ ಅಡ್ಡಾಡಿಸಲು ಬಂದ ನಾಲ್ಕೈದು ಜನ ನಿಂತರು.

ಶಬ್ದತಜ್ಞ ಹೊಲದ ನಡುವೆ ಯಂತ್ರವಿಟ್ಟು ಎರಡು ದಿನ ಅಳೆದ. ಕಾಗೆಗಳ ಗಲಾಟೆಯೂ, ‘ಪ್ರಶಾಂತಿ’ಯ ಅತಿಥಿಗಳು ಹಾಕಿದ ಹಾಡೂ ದಾಖಲಾದವು. ‘ಸದರಿ ಪತನದ ಶಬ್ದವು ಪ್ರಸ್ತುತ ಸಂಪೂರ್ಣವಾಗಿ ನಿಂತಿರುತ್ತದೆ’ ಎಂದು ವರದಿ ಕೊಟ್ಟ. ಆಮೇಲೆ ಜೀವವೈವಿಧ್ಯದ ಅಧಿಕಾರಿಣಿ ಬಂದಳು. ವಿಮಾನ ಬಿದ್ದ ಕುಳಿಯಲ್ಲಿ ನೀರು ನಿಂತು ಕೊಳವಾಗಿತ್ತು, ಅದರಲ್ಲಿ ಜುಟ್ಟಿನ ನೀರುಹಲ್ಲಿಗಳು ಸಂಸಾರ ಹೂಡಿದ್ದವು. ಅವು ಸಂರಕ್ಷಿತ ಜೀವಿಗಳು. ಪತನದಿಂದ ಪರಿಸರಕ್ಕೆ ಗಣನೀಯ ಲಾಭವಾಗಿದೆ ಎಂದು ಅವಳು ಮೆಚ್ಚುಗೆಯ ಷರಾ ಬರೆದು, ಇಂಥ ಯೋಜನೆಗಳು ಹೆಚ್ಚಬೇಕು ಎಂದೂ ಸೇರಿಸಿದಳು. ಇದನ್ನು ಓದಿ ಪೆಂಬರ್ಟನ್ ಮಂಕಾದ.

ಈ ನಡುವೆ ಟ್ವೆಲ್ಸನ ಮೇಜಿನ ಮೇಲೆ ಪತ್ರಗಳು ಬೀಳತೊಡಗಿದವು. ಯಾರೋ ಪ್ರಕಟಣೆಯ ಫೋಟೋ ತೆಗೆದು ಅಂತರ್ಜಾಲಕ್ಕೆ ಹಾಕಿದ್ದರು. ಅದನ್ನು ನೋಡಿದವರು, ಅರ್ಜಿದಾರರ ಹೆಸರು ನಮೂದಿಸಿ ಲಿಖಿತವಾಗಿ ಕಳಿಸತಕ್ಕದ್ದು ಎಂಬ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದರು. ಒಂದು ದಿನ ಅವನೇ ಹೆಡ್ಲಿಗೆ ಫೋನು ಮಾಡಿದ.

“ಮಿಸ್ಟರ್ ಮಂಬಿ, ನಲವತ್ತಮೂರು ಬಂದಿವೆ. ನಾನು ಪ್ರತಿಯೊಂದನ್ನೂ ಬೆಂಬಲ, ವಿರೋಧ, ತಟಸ್ಥ ಅಂತ ವಿಂಗಡಿಸಬೇಕು. ಆಗ್ತಿಲ್ಲ. ಒಂದು ಓದ್ತೀನಿ, ಕೇಳಿ. ‘ಪ್ರಿಯ ಕ್ಲಾರೆನ್ಸ್ ಮಾವ, ನೀನು ನನ್ನನ್ನ ನೋಡಿಲ್ಲ. ನೀನು ಹೋದ ಮೂರು ವರ್ಷಕ್ಕೆ ನಾನು ಹುಟ್ಟಿದೆ. ಅಮ್ಮ ಸಾಯೋ ತನಕ ನಿನ್ನ ಕೋಣೆಗೆ ಬೇರೆ ಯಾರನ್ನೂ ಮಲಗೋಕೆ ಬಿಡಲಿಲ್ಲ. ನಿನಗೆ ಅಲ್ಲಿ ಬಿದ್ದಿರೋಕೆ ಅನುಮತಿ ಬೇಕಾಗಿದೆ ಅಂತ ಗೊತ್ತಾಯ್ತು. ನಮ್ಮದೇನೂ ಅಭ್ಯಂತರ ಇಲ್ಲ.’ ಇದು ಕೆನಡಾದಿಂದ.”

“ಬೆಂಬಲ,” ಅಂದ ಹೆಡ್ಲಿ.

“ಹಾಗಂತೀರಾ?” ಟ್ವೆಲ್ಸ್ ಮೂಗು ಸೀಟಿಕೊಂಡ ಸದ್ದು ಕೇಳಿಸಿತು. “ನಾನು ‘ತಟಸ್ಥ’ ಅಂತ ಬರೆದಿದ್ದೆ. ತಿದ್ತೀನಿ.”

ಅಂತೂ ಒಂದು ದಿನ ಕರಡು ತೀರ್ಮಾನ ಸಿದ್ಧವಾಯಿತು. ಗ್ರಾಮಭವನ ತುಂಬಿ, ಜನ ಕಿಟಕಿಯ ಹೊರಗೂ ನಿಂತಿದ್ದರು. ಟ್ವೆಲ್ಸ್ ಎದ್ದು ಓದಿದ. ಪತನಕ್ಕೆ ಪೂರ್ವಾನ್ವಯವಾಗಿ ಅನುಮತಿ ನೀಡಬಹುದು. ಷರತ್ತುಗಳು: ಪತನವು ಕೆಲಸದ ದಿನಗಳಲ್ಲಿ ಬೆಳಗ್ಗೆ ಎಂಟರಿಂದ ಸಂಜೆ ಆರರೊಳಗೆ ಮಾತ್ರ ನಡೆಯತಕ್ಕದ್ದು. ಆದೇಶ ಹೊರಟ ಮೂರು ವರ್ಷದೊಳಗೆ ಪತನ ಆರಂಭವಾಗದಿದ್ದಲ್ಲಿ ಅನುಮತಿ ತಾನಾಗಿಯೇ ರದ್ದಾಗತಕ್ಕದ್ದು. ಕೊಳದ ಸುತ್ತ ಇನ್ನೂರೈವತ್ತು ಗಜದೊಳಗೆ, ನೀರುಹಲ್ಲಿಗಳ ಹಿತದೃಷ್ಟಿಯಿಂದ, ಕಲ್ಲು ನೆಡುವುದಾಗಲಿ ನೆಲ ಅಗೆಯುವುದಾಗಲಿ ಕೂಡದು.

“ಗೇಟು ಎಷ್ಟು ದೂರ?” ಎಂದು ಬೆರಿಲ್ ಕೇಳಿದಳು.

ಹೆಡ್ಲಿಗೆ ಗೊತ್ತಿತ್ತು. ಅವನೇ ಅಳೆದು ಅರ್ಜಿಯಲ್ಲಿ ಬರೆದಿದ್ದ. “ಇನ್ನೂರ ನಲವತ್ತು ಗಜ,” ಅಂದ. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ಆದರೆ ಅದೂ ಅಗೆತದ ವ್ಯಾಪ್ತಿಗೆ ಬರುತ್ತಿತ್ತು.

“ಅಂದ್ರೆ ಕಲ್ಲಿಲ್ಲ.”

“ಕಲ್ಲಿಲ್ಲ, ಮಿಸ್ ಹೋಲ್ಬೆಕ್,” ಅಂದ ಟ್ವೆಲ್ಸ್. ಮುಖ ಎತ್ತಲಿಲ್ಲ. “ಆದೇಶ ಹೊರಟ ಏಳು ದಿನದೊಳಗೆ ಪ್ರಕಟಣೆಯನ್ನೂ ತೆಗೀಬೇಕು. ಒಪ್ಪಿಗೆ ಆದ್ರೂ ತೆಗೀಬೇಕು, ತಿರಸ್ಕಾರ ಆದ್ರೂ ತೆಗೀಬೇಕು.”

ಬೆರಿಲ್ ಕೋಲಿನ ಮೇಲೆ ಎರಡೂ ಕೈಯಿಟ್ಟುಕೊಂಡು ಎದ್ದಳು. ನಿಧಾನವಾಗಿ ಎದ್ದಳು.

“ತೀರ್ಮಾನ ಮಾಡಬೇಡಿ,” ಅಂದಳು.

“ಏನಂದ್ರಿ?”

“ತೀರ್ಮಾನ ಮಾಡಿದ್ರೆ ತಾನೇ ಹೆಸರು ತೆಗೀಬೇಕಾದ್ದು? ಮಾಡಲೇಬೇಡಿ. ಇಷ್ಟು ತಿಂಗಳು ಮಾಡದೇ ಇದ್ರಲ್ಲ, ಚೆನ್ನಾಗೇ ಇತ್ತು. ಹಾಗೇ ಇರಿ.”

ಆಗ ಯಾರೂ ನಿರೀಕ್ಷಿಸದ ಕಡೆಯಿಂದ ಅನುಮೋದನೆ ಬಂತು. ಪೆಂಬರ್ಟನ್ ಎದ್ದು ನಿಂತಿದ್ದ. ಪ್ರಕಟಣೆ ನೋಡಲು ಬರುವವರಿಂದ ‘ಪ್ರಶಾಂತಿ’ಯ ಎಲ್ಲ ಕೊಟ್ಟಿಗೆಗಳೂ ಮುಂದಿನ ಬೇಸಿಗೆಯವರೆಗೆ ಭರ್ತಿಯಾಗಿದ್ದವು. ಒಂದಕ್ಕೆ ‘ನ್ಯಾವಿಗೇಟರ್’ ಎಂದು ಮರುನಾಮಕರಣವೂ ಆಗಿತ್ತು. “ಒಬ್ಬ ಆಕ್ಷೇಪಣೆದಾರನಾಗಿ ಹೇಳ್ತೀನಿ,” ಅಂದ ಅವನು ಗಂಭೀರವಾಗಿ. “ನನ್ನ ಆಕ್ಷೇಪಣೆಯನ್ನ ಇನ್ನೂ ಕೂಲಂಕಷವಾಗಿ ಪರಿಶೀಲಿಸಬೇಕು. ಆತುರಪಟ್ರೆ ನಾನು ಮೇಲ್ಮನವಿ ಹಾಕ್ತೀನಿ.”

“ಆದ್ರೆ ಮುಂದೂಡೋಕೆ ಕಾರಣ ಬೇಕಲ್ಲ,” ಅಂದ ಟ್ವೆಲ್ಸ್. ಅವನ ಧ್ವನಿ ಬೇಡಿಕೊಳ್ಳುವಂತಿತ್ತು. “ಯಾವುದಾದರೂ ಮಾಹಿತಿ ಬಾಕಿ ಇದ್ರೆ ಮಾತ್ರ ಮುಂದೂಡಬಹುದು. ಎಲ್ಲ ಮಾಹಿತಿನೂ ಬಂದಿದೆ. ಮಿಸ್ಟರ್ ಮಂಬಿಯವರ ಅರ್ಜಿ ಪರಿಪೂರ್ಣವಾಗಿದೆ.”

ಹೆಡ್ಲಿ ಜೀವಮಾನದಲ್ಲಿ ಕೇಳಿದ ಅತಿ ದೊಡ್ಡ ಹೊಗಳಿಕೆ ಅದು. ಆ ಹೊಗಳಿಕೆ ಕಿವಿಗೆ ಬಿದ್ದ ಗಳಿಗೆಯಲ್ಲೇ ಅವನು ಅದನ್ನು ಬಿಟ್ಟುಕೊಟ್ಟ. ಎದ್ದು ನಿಂತ.

“ಪರಿಪೂರ್ಣ ಅಲ್ಲ ಸ್ವಾಮಿ. ಒಂದು ಬಾಕಿ ಇದೆ. ಷರತ್ತುಗಳು ಒಪ್ಪಿಗೆಯೇ ಅಂತ ಅರ್ಜಿದಾರರನ್ನ ಕೇಳಬೇಕು. ನಿಯಮ ಐವತ್ತೆರಡು. ಏಜೆಂಟ್ ಅವರ ಪರವಾಗಿ ಸಹಿ ಹಾಕಬಹುದು, ಒಪ್ಪಿಗೆ ಕೊಡುವಂತಿಲ್ಲ. ಅದು ಅವರ ಬಾಯಿಂದಲೇ ಬರಬೇಕು. ನಾನು ಕೇಳೋದು ಮರೆತೆ.”

ಟ್ವೆಲ್ಸ್ ದಪ್ಪ ಪುಸ್ತಕ ತೆಗೆದ. ಪುಟ ತಿರುವಿದ. ಬೆರಳಿಟ್ಟು ಓದಿದ. ಮುಖ ಮೆಲ್ಲಗೆ ಅರಳಿತು.

“ಅವರ ಉತ್ತರಕ್ಕೆ ಗಡುವು ಇಲ್ಲ,” ಅಂದ. “ನಿಯಮದಲ್ಲಿ ಗಡುವನ್ನೇ ಹಾಕಿಲ್ಲ.”

ಸರ್ವಾನುಮತದಿಂದ ಮುಂದೂಡಲಾಯಿತು. ಬೆರಿಲ್ ಹೆಡ್ಲಿಯ ಪಕ್ಕದಲ್ಲಿ ಹಾದುಹೋಗುವಾಗ ಕೋಲಿನಿಂದ ಅವನ ಬೂಟಿಗೆ ಒಂದು ತಿವಿದಳು. “ಅಪೂರ್ಣ ಅರ್ಜಿ ಕಳಿಸಿದೆಯಲ್ಲೋ ಕೊನೆಗೂ,” ಅಂದಳು.

ಅಂದಿನಿಂದ ಇಪ್ಪತ್ತೊಂದು ದಿನಕ್ಕೊಮ್ಮೆ ಉದ್ದಹೊಲದ ಗೇಟಿನ ಬಳಿ ಅಧಿಕೃತ ವಿಚಾರಣೆ ನಡೆಯುತ್ತದೆ. ಅರ್ಜಿದಾರರಿಗೆ ಗ್ರಾಮಭವನದವರೆಗೆ ಬರಲು ಅನನುಕೂಲವಿರುವುದರಿಂದ, ಅವರು ಇರುವ ಕಡೆಯೇ ಸಭೆ ಸೇರತಕ್ಕದ್ದೆಂದು ಟ್ವೆಲ್ಸ್ ಟಿಪ್ಪಣಿ ಬರೆದಿದ್ದಾನೆ. ನವೆಂಬರ್ ತಿಂಗಳಲ್ಲಿ ಕೆನಡಾದಿಂದ ಪತ್ರ ಬರೆದಿದ್ದ ಗ್ರೇಲಿಂಗನ ಸೋದರಸೊಸೆ ಬಂದಿದ್ದಳು. ಹಿಬ್ಬರ್ಡನ ಕಡೆಯವರು ಒಂದು ಬಸ್ಸು ತುಂಬ ಬಂದಿದ್ದರು. ಪೆಂಬರ್ಟನ್ ಎಲ್ಲರಿಗೂ ಚಹಾ ಕೊಡಿಸಿ, ತನ್ನ ಆಕ್ಷೇಪಣೆ ಈಗಲೂ ಊರ್ಜಿತದಲ್ಲಿದೆ ಎಂದು ಎಲ್ಲರಿಗೂ ಜ್ಞಾಪಿಸಿದ.

ಹೆಡ್ಲಿ ಹಳೆಯ ಹಾಳೆ ತೆಗೆದು ಹೊಸದು ಅಂಟಿಸಿ ಏಳು ಹೆಸರನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿದ. ಟ್ವೆಲ್ಸ್ ಹೊಲದ ಕಡೆ ತಿರುಗಿ ಕೇಳಿದ:

“ಮೇಲ್ಕಾಣಿಸಿದ ಷರತ್ತುಗಳ ಬಗ್ಗೆ ಅರ್ಜಿದಾರರು ಏನಾದರೂ ಹೇಳುವುದಿದೆಯೇ?”

ಉತ್ತರಿಸಲು ಸಮಂಜಸ ಕಾಲಾವಕಾಶ ಕೊಡಬೇಕೆಂದು ನಿಯಮವಿದೆ. ಅದನ್ನು ಎರಡು ನಿಮಿಷ ಎಂದು ನಿಗದಿ ಮಾಡಲಾಗಿದೆ. ಗಂಡಸರು ಟೋಪಿ ತೆಗೆದರು. ಕೊಳದ ಕಡೆಯಿಂದ ಗಾಳಿ ಬೀಸಿತು. ಬೆರಿಲ್ ತಲೆ ತಗ್ಗಿಸಲಿಲ್ಲ. ಉತ್ತರ ಬಂದರೆ ತಪ್ಪಿಹೋಗಬಾರದೆಂದು ನೇರ ಹೊಲವನ್ನೇ ನೋಡುತ್ತಿದ್ದಳು.

“ಉತ್ತರ ಬಂದಿರುವುದಿಲ್ಲ,” ಎಂದು ಹೆಡ್ಲಿ ವರದಿ ಮಾಡಿದ.

“ಮುಂದೂಡಲಾಗಿದೆ,” ಅಂದ ಟ್ವೆಲ್ಸ್.

“ಒಪ್ಪಿಗೆ,” ಎಂದರು ಎಲ್ಲರೂ ಒಟ್ಟಿಗೆ.

ವೇಲ್ಸಿನಿಂದ ಮೊದಲ ಸಲ ಬಂದಿದ್ದ ಪ್ರೋಬರ್ಟನ ಮೊಮ್ಮಗನೊಬ್ಬ ಬೆರಿಲ್‌ಳ ಕಡೆ ಬಾಗಿ, “ಇದು ಎಷ್ಟು ದಿನ ಹೀಗೇ ನಡಿಯತ್ತೆ ಅಜ್ಜಿ?” ಎಂದು ಪಿಸುಗುಟ್ಟಿದ.

“ಅವರು ಉತ್ತರ ಕೊಡೋ ತನಕ ಕಣಪ್ಪ.”

ಅವನಿಗೆ ಅದು ನ್ಯಾಯವಾಗಿಯೇ ಕಂಡಿತು. ಜೇಬಿನಿಂದ ಡೈರಿ ತೆಗೆದು ಮುಂದಿನ ತಾರೀಕು ಬರೆದುಕೊಂಡ.